ಮಂಗಳೂರೋ, ಉಡುಪಿಯೋ? ಶಾಂಭವಿ ಸೇತುವೆಯ ಮೇಲೆ ನಿಂತು ಒಂದು ಲೆಕ್ಕಾಚಾರ

ನಮ್ಮ ಮುಂಬಯಿಯ ಯಾವುದೇ ಸಂಘದ ವಾರ್ಷಿಕೋತ್ಸವಕ್ಕೆ ಹೋಗಿ. ದೀಪ ಬೆಳಗಿ, ಗಣ್ಯರಿಗೆ ಶಾಲು ಹೊದೆಸಿ, ಮಕ್ಕಳ ನೃತ್ಯ ಮುಗಿದು ಊಟದ ಸರತಿ ಶುರುವಾಗುವ ಹೊತ್ತಿಗೆ ಒಂದು ಚರ್ಚೆ ತಪ್ಪದೆ ಆರಂಭವಾಗುತ್ತದೆ. ಕೈಯಲ್ಲಿ ತಟ್ಟೆ ಹಿಡಿದವರೊಬ್ಬರು "ಏನೇ ಹೇಳಿ, ಕರಾವಳಿಗೆಲ್ಲ ಕೇಂದ್ರ ಅಂದ್ರೆ ನಮ್ಮ ಕುಡ್ಲವೇ" ಎನ್ನುತ್ತಾರೆ. ಹಿಂದೆ ನಿಂತವರು ಸುಮ್ಮನಿರುತ್ತಾರೆಯೇ? "ನಿಮ್ಮ ಕುಡ್ಲದವರಿಗೆ ಕಾಯಿಲೆ ಜೋರಾದರೆ ಬರುವುದು ನಮ್ಮ ಮಣಿಪಾಲಕ್ಕೆ ತಾನೇ?" ಎಂದು ಮಾರುತ್ತರ ಕೊಡುತ್ತಾರೆ. ಅನ್ನದ ಪಾತ್ರೆ ತಲುಪುವ ಹೊತ್ತಿಗೆ ವಿಷಯ ಬಂದರು, ವಿಮಾನ ನಿಲ್ದಾಣ, ಪರ್ಯಾಯ, ದಸರಾ ಎಲ್ಲವನ್ನೂ ದಾಟಿ, ಗಡ್‌ಬಡ್ ಐಸ್‌ಕ್ರೀಂ ಮೊದಲು ಹುಟ್ಟಿದ್ದು ಎಲ್ಲಿ ಎಂಬಲ್ಲಿಗೆ ಬಂದು ನಿಂತಿರುತ್ತದೆ!

ಮೂವತ್ತು ವರ್ಷಗಳಿಂದ ಈ ಚರ್ಚೆಯನ್ನು ಕೇಳುತ್ತ ಬಂದವನು ನಾನು. ನಾನಾಗಿ ಯಾವ ಪಕ್ಷವನ್ನೂ ವಹಿಸಿದವನಲ್ಲ. ಕಾರಣ ಸರಳ. ನನ್ನ ಊರು ಹೆಜಮಾಡಿ. ಊರಿನ ದಕ್ಷಿಣಕ್ಕೆ ಶಾಂಭವಿ ಹೊಳೆ, ಹೊಳೆಗೊಂದು ಸೇತುವೆ, ಸೇತುವೆ ದಾಟಿದರೆ ಮೂಲ್ಕಿ. ಉತ್ತರಕ್ಕೆ ಉಡುಪಿ, ದಕ್ಷಿಣಕ್ಕೆ ಮಂಗಳೂರು, ಎರಡೂ ಮೂವತ್ತು ಕಿಲೋಮೀಟರಿನ ಆಸುಪಾಸು. ಹೆದ್ದಾರಿಯ ಬದಿಯಲ್ಲಿ ನಿಂತು ಮೊದಲು ಬಂದ ಬಸ್ಸು ಹತ್ತುವುದು ನಮ್ಮ ಕಡೆಯವರ ಕ್ರಮ. ಬಸ್ಸು ಯಾವ ಕಡೆಗೆ ಹೋಗುತ್ತದೋ ಅಂದಿನ ಮಟ್ಟಿಗೆ ಅದೇ ನಮ್ಮ ಪೇಟೆ.

ಇಂದು ನಿನ್ನೆಯ ಪೈಪೋಟಿಯಲ್ಲ

ಈ ಎರಡು ಊರುಗಳ ಪೈಪೋಟಿಗೆ ಬಹಳ ಹಳೆಯ ಬೇರುಗಳಿವೆ. ತುಳುನಾಡನ್ನು ಶತಮಾನಗಳ ಕಾಲ ಆಳಿದ ಆಳುಪರ ರಾಜಧಾನಿ ಒಂದೇ ಕಡೆ ನಿಲ್ಲಲಿಲ್ಲ. ಮಂಗಳೂರು, ಉಡುಪಿಯ ಪಕ್ಕದ ಉದ್ಯಾವರ, ಆಮೇಲೆ ಬಾರ್ಕೂರು ಎಂದು ಅದು ಓಡಾಡುತ್ತಲೇ ಇತ್ತು. ವಿಜಯನಗರದ ಅರಸರು ಕರಾವಳಿಯನ್ನು ಮಂಗಳೂರು ರಾಜ್ಯ ಮತ್ತು ಬಾರಕೂರು ರಾಜ್ಯ ಎಂದು ಎರಡು ಭಾಗ ಮಾಡಿ ಇಬ್ಬರು ಅಧಿಕಾರಿಗಳ ಕೈಗೆ ಕೊಟ್ಟರು. ಒಂದೇ ಕೇಂದ್ರದಿಂದ ಇಡೀ ಕರಾವಳಿಯನ್ನು ನೋಡಿಕೊಳ್ಳುವುದು ಕಷ್ಟವೆಂಬುದು ಅವರಿಗೆ ಅಂದೇ ತಿಳಿದಿತ್ತೋ ಏನೋ!

ಬ್ರಿಟಿಷರು 1799ರಲ್ಲಿ ಬಂದ ಮೇಲೆ ತಕ್ಕಡಿ ಮಂಗಳೂರಿನ ಕಡೆ ವಾಲಿತು. ಕಲೆಕ್ಟರರ ಕಚೇರಿ ಅಲ್ಲಿ, ಕೋರ್ಟು ಅಲ್ಲಿ, ಬಂದರು ಅಲ್ಲಿ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿ, ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲೇ ಉಳಿದಾಗ ಮಂಗಳೂರಿನ ಸ್ಥಾನ ಇನ್ನೂ ಗಟ್ಟಿಯಾಯಿತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟಿದ್ದು ಅಲ್ಲಿಂದ. ವೆನ್ಲಾಕ್ ಆಸ್ಪತ್ರೆ 1848ರದ್ದು. ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ತೆರೆದಿದ್ದು 1865ರಲ್ಲಿ, ಸಂತ ಅಲೋಶಿಯಸ್ ಕಾಲೇಜು ಶುರುವಾದದ್ದು 1880ರಲ್ಲಿ. ರೈಲು 1907ರಲ್ಲಿ ಮಂಗಳೂರು ಮುಟ್ಟಿತು. ಉಡುಪಿಯವರು ರೈಲಿನ ಮುಖ ನೋಡಲು 1993ರ ವರೆಗೆ ಕಾಯಬೇಕಾಯಿತು ಎಂದರೆ ಅಂತರ ಎಷ್ಟೆಂದು ಊಹಿಸಿ.

ಸ್ವಾತಂತ್ರ್ಯಾನಂತರವೂ ದೊಡ್ಡ ಯೋಜನೆಗಳು ಮಂಗಳೂರಿನ ಸುತ್ತಲೇ ಬಂದವು. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಅವರಿದ್ದ ವಿಮಾನ ಬಜ್ಪೆಯಲ್ಲಿ ಇಳಿಯಿತು. ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು 1960ರಲ್ಲಿ, ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ, ಕೊಣಾಜೆಯ ವಿಶ್ವವಿದ್ಯಾನಿಲಯ 1980ರಲ್ಲಿ. ಮಂಗಳೂರಿನವರ ಪಟ್ಟಿ ಉದ್ದವಾಗಿರುವುದರಲ್ಲಿ ಆಶ್ಚರ್ಯವಿಲ್ಲ.

ಉಡುಪಿಯೇನು ಕಡಿಮೆ?

ಉಡುಪಿಯ ಪಟ್ಟಿ ಬೇರೆ ಬಗೆಯದು. ಅಲ್ಲಿ ಸರಕಾರಕ್ಕಿಂತ ಮೊದಲು ಜನ ಬಂದರು. ಶ್ರೀಕೃಷ್ಣ ಮಠಕ್ಕೆ ಬರುವ ಯಾತ್ರಿಕರಿಂದ ಪೇಟೆ ಬೆಳೆಯಿತು. ಮಲ್ಪೆಯ ಮೀನುಗಾರರಿಂದ ಹಣ ಓಡಾಡಿತು. ಹೊಟೇಲಿನವರಿಂದ ಊರಿನ ಹೆಸರು ಭಾರತವನ್ನೆಲ್ಲ ಸುತ್ತಿತು. ಪಕ್ಕದಲ್ಲಿ ಕಲ್ಲುಗುಡ್ಡವಾಗಿದ್ದ ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ವೈದ್ಯಕೀಯ ಕಾಲೇಜು ಆರಂಭಿಸಿದಾಗ, ಖಾಸಗಿಯವರು ಇಂಥದ್ದನ್ನು ನಡೆಸಬಲ್ಲರೇ ಎಂದು ಅನುಮಾನಪಟ್ಟವರೇ ಹೆಚ್ಚು. ಇಂದು ಆ ಗುಡ್ಡಕ್ಕೆ ದೇಶ-ವಿದೇಶದ ವಿದ್ಯಾರ್ಥಿಗಳು ಬರುತ್ತಾರೆ.

ಆದರೆ ಜಿಲ್ಲಾ ಕೇಂದ್ರವೆಂಬ ಮುದ್ರೆ ಇರಲಿಲ್ಲ. ಬೈಂದೂರಿನ ಕಡೆಯ ರೈತನಿಗೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೆಲಸವಿದ್ದರೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಬಸ್ಸಿನಲ್ಲಿ ಹೋಗಿ, "ಸಾಹೇಬರು ಮೀಟಿಂಗಿನಲ್ಲಿದ್ದಾರೆ, ನಾಳೆ ಬನ್ನಿ" ಎಂಬ ಮಾತು ಕೇಳಿ ಹಿಂದೆ ಬರಬೇಕಿತ್ತು. ಅಂತೂ 1997ರ ಆಗಸ್ಟಿನಲ್ಲಿ, ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, ಉಡುಪಿ, ಕಾರ್ಕಳ, ಕುಂದಾಪುರ ತಾಲೂಕುಗಳು ಸೇರಿ ಉಡುಪಿ ಜಿಲ್ಲೆ ಆಯಿತು. ನಮ್ಮ ಶಾಂಭವಿ ಹೊಳೆ ರಾತ್ರೋರಾತ್ರಿ ಜಿಲ್ಲೆಯ ಗಡಿಯಾಯಿತು! ಹೆಜಮಾಡಿಯ ನಾವು ಉಡುಪಿಯವರಾದೆವು, ಹೊಳೆಯಾಚೆ ಮೂಲ್ಕಿಯಲ್ಲಿರುವ ನನ್ನ ಸೋದರತ್ತೆ ದಕ್ಷಿಣ ಕನ್ನಡದವರಾಗಿ ಉಳಿದರು.

ತಮಾಷೆಯೆಂದರೆ ಉಡುಪಿಗೆ ಜಿಲ್ಲೆ ಸಿಕ್ಕಿದರೂ ಜಿಲ್ಲಾಡಳಿತದ ಸಂಕೀರ್ಣ 'ರಜತಾದ್ರಿ' ಮೇಲೆದ್ದಿದ್ದು ಮಣಿಪಾಲದಲ್ಲಿ. "ಉಡುಪಿಯೋ, ಮಣಿಪಾಲವೋ" ಎಂಬ ಹೊಸ ಚರ್ಚೆಗೂ ಅವಕಾಶವಾಯಿತು. ಪೈಪೋಟಿಗೆ ಮೂವತ್ತು ಮೈಲಿ ಬೇಕೆಂದಿಲ್ಲ, ಮೂರು ಮೈಲಿಯೂ ಸಾಕು.

ಮುಂಬಯಿಯಲ್ಲಿ ಮಾತ್ರ ಈ ಎರಡು ಊರುಗಳು ಜಗಳವಿಲ್ಲದೆ ಪಾಲು ಮಾಡಿಕೊಂಡಿವೆ. ಇಡ್ಲಿ-ದೋಸೆಯ ಬೋರ್ಡಿನ ಮೇಲೆ 'ಉಡುಪಿ', ಮೀನಿನ ಗಸಿಯ ಬೋರ್ಡಿನ ಮೇಲೆ 'ಮಂಗಳೂರು'. 'ಉಡುಪಿ' ಹೊಟೇಲಿನ ಮಾಲಕರು ಬಂಟ್ವಾಳದವರಿರಬಹುದು, 'ಮಂಗಳೂರು' ಮೀನಿನ ಅಡುಗೆಯವರು ಬೈಂದೂರಿನವರಿರಬಹುದು. ಗಿರಾಕಿಗೆ ಅದು ಬೇಕಿಲ್ಲ, ರುಚಿ ಬೇಕು.

ಅಪ್ಪನ ಅರ್ಧ ಗಂಟೆ

ಇಷ್ಟು ಹೊತ್ತು ನಗುತ್ತಾ ಬರೆದೆ. ಈಗ ನಗಲಾಗದ ಒಂದು ಸಂಗತಿ ಹೇಳಬೇಕು.

2004ರ ಮಳೆಗಾಲದ ಒಂದು ರಾತ್ರಿ ಊರಿನಿಂದ ಫೋನು ಬಂತು. ಅಪ್ಪ ಊಟಕ್ಕೆ ಕುಳಿತವರು ಹಾಗೆಯೇ ಪಕ್ಕಕ್ಕೆ ವಾಲಿದ್ದಾರೆ, ಮಾತು ತೊದಲುತ್ತಿದೆ, ಎಡಗೈ ಮೇಲೇಳುತ್ತಿಲ್ಲ. ನೆರೆಮನೆಯವರು ಆಗಲೇ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದ್ದರು. ನಾನು ಇಲ್ಲಿ ಡೊಂಬಿವಲಿಯ ಮನೆಯಲ್ಲಿ ಫೋನು ಕಿವಿಗೆ ಒತ್ತಿಕೊಂಡು ಕುಳಿತಿದ್ದೆ. ಆ ಕಡೆಯಿಂದ ಕೇಳಿಬಂದದ್ದು ಕಾರು ಹೊರಟ ಸದ್ದಲ್ಲ, ವಾದ!

ಕುಂದಾಪುರದ ಕಡೆಯ ನನ್ನ ದೊಡ್ಡಪ್ಪ ಆ ದಿನ ಮನೆಯಲ್ಲಿದ್ದರು. "ಮಣಿಪಾಲಕ್ಕೇ ಹೋಗಬೇಕು, ಬೇರೆ ಮಾತು ಬೇಡ" ಎಂದು ಅವರು. ಮೂಲ್ಕಿಯಿಂದ ಓಡಿಬಂದ ಸೋದರತ್ತೆಯ ಮಗ "ಮಂಗಳೂರಿನಲ್ಲಿ ನಮಗೆ ಪರಿಚಯದ ಡಾಕ್ಟರಿದ್ದಾರೆ, ಅಲ್ಲಿ ಇಲ್ಲದ್ದು ಮಣಿಪಾಲದಲ್ಲಿ ಏನಿದೆ?" ಎಂದು. ಹಿಂದೆ ಯಾರಿಗೆ ಎಲ್ಲಿ ಗುಣವಾಯಿತು, ಯಾರು ಎಲ್ಲಿಂದ ಹೆಣವಾಗಿ ಬಂದರು ಎಂಬ ಲೆಕ್ಕ ಅಂಗಳದಲ್ಲಿ ನಡೆಯಿತು. ಅಮ್ಮ ನನ್ನನ್ನು ಕೇಳಿದರು: "ನೀನೇ ಹೇಳು ಮಗ, ಯಾವ ಕಡೆ?" ಸಾವಿರ ಕಿಲೋಮೀಟರು ದೂರದಲ್ಲಿ ಕುಳಿತ ನನಗೆ ಏನು ಗೊತ್ತು? ಒಬ್ಬರ ಮಾತು ಹಿಡಿದರೆ ಇನ್ನೊಬ್ಬರಿಗೆ ಬೇಸರವಾಗುತ್ತದೆ ಎಂದು ನಾನೂ ಎರಡು ನಿಮಿಷ ತಡವರಿಸಿದೆ. ಈಗಲೂ ನನ್ನನ್ನು ಚುಚ್ಚುವುದು ಆ ಎರಡು ನಿಮಿಷ. ಕೊನೆಗೆ "ಯಾವ ಕಡೆಯಾದರೂ ಸರಿ, ಮೊದಲು ಹೊರಡಿ" ಎಂದು ಕೂಗಿದೆ. ಕಾರು ಉತ್ತರಕ್ಕೆ ಹೋಯಿತು. ಅಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು.

ಅಪ್ಪ ಬದುಕಿದರು. ಮತ್ತೆ ಏಳು ವರ್ಷ ನಮ್ಮೊಂದಿಗಿದ್ದರು. ಎಡಗೈ ಮಾತ್ರ ಮೊದಲಿನಂತಾಗಲಿಲ್ಲ. ಆ ಅರ್ಧ ಗಂಟೆಗೂ ಆ ಕೈಗೂ ಸಂಬಂಧವಿದೆಯೆಂದು ಯಾವ ಡಾಕ್ಟರರೂ ನನಗೆ ಹೇಳಿಲ್ಲ, ನಾನೂ ಕೇಳಲು ಹೋಗಲಿಲ್ಲ. ಆದರೆ ಲಕ್ವ ಹೊಡೆದಾಗ ಒಂದೊಂದು ನಿಮಿಷಕ್ಕೂ ಬೆಲೆಯಿದೆ ಎಂದು ಆಸ್ಪತ್ರೆಗಳ ಗೋಡೆಯ ಮೇಲೆ ಬರೆದದ್ದನ್ನು ಓದಿದಾಗಲೆಲ್ಲ ನಮ್ಮ ಮನೆಯ ಅಂಗಳ ನೆನಪಾಗುತ್ತದೆ. ಅಲ್ಲಿ ಆ ರಾತ್ರಿ ನಡೆದದ್ದು ಔಷಧಿಯ ಚರ್ಚೆಯಾಗಿರಲಿಲ್ಲ. ನಮ್ಮೂರು ದೊಡ್ಡದೋ ನಿಮ್ಮೂರು ದೊಡ್ಡದೋ ಎಂಬ, ನಾವು ಊಟದ ಸಾಲಿನಲ್ಲಿ ನಿಂತು ಆಡುವ ಅದೇ ಚರ್ಚೆ.

ಅಂದಿನಿಂದ ನನಗೆ ಈ ವಿಷಯದಲ್ಲಿ ಒಂದು ಲೆಕ್ಕ ಹಾಕಿ ನೋಡಬೇಕೆನಿಸಿತು. ಬ್ಯಾಂಕ್ ಗುಮಾಸ್ತನಾದ ನನಗೆ ಗೊತ್ತಿರುವುದು ಒಂದೇ ವಿದ್ಯೆ: ಜಮೆ ಒಂದು ಕಡೆ, ಖರ್ಚು ಒಂದು ಕಡೆ.

ನಾಲ್ಕು ಬ್ಯಾಂಕುಗಳ ಕಥೆ

ಎರಡು ಊರುಗಳ ಪೈಪೋಟಿಯಿಂದ ಒಳ್ಳೆಯದೇ ಆಗಿಲ್ಲವೇ? ಖಂಡಿತ ಆಗಿದೆ. ಇದಕ್ಕೆ ಬ್ಯಾಂಕುಗಳಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ತೆರೆದರು. ಮೊದಲ ದಿನದ ಸಂಗ್ರಹ 38 ರೂಪಾಯಿ 13 ಆಣೆ 2 ಪೈ. ಅದೇ ವರ್ಷ ಜುಲೈ 1ಕ್ಕೆ ಮಂಗಳೂರಿನಲ್ಲಿ ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈಯವರು ಇಂದಿನ ಕೆನರಾ ಬ್ಯಾಂಕಿಗೆ ನಾಂದಿ ಹಾಡಿದರು. ನಡುವಿನ ಅಂತರ ನಾಲ್ಕು ತಿಂಗಳೂ ಇಲ್ಲ! 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್, ಮರುವರ್ಷವೇ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ, 1931ರಲ್ಲಿ ಮಂಗಳೂರಿನಲ್ಲಿ ಎ.ಬಿ. ಶೆಟ್ಟಿಯವರ ಮುಂದಾಳುತನದಲ್ಲಿ ವಿಜಯಾ ಬ್ಯಾಂಕ್. 1928ರಲ್ಲಿ ಶುರುವಾದ ಸಿಂಡಿಕೇಟಿನ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆ ಉಳಿಸುವವನಿಗೂ ಬ್ಯಾಂಕಿನವರು ಮನೆಬಾಗಿಲಿಗೆ ಬರುತ್ತಿದ್ದರು. ನನ್ನ ಅಮ್ಮ ಸಾಸಿವೆ ಡಬ್ಬಿಯಿಂದ ತೆಗೆದು ಪಿಗ್ಮಿ ಏಜೆಂಟರ ಕೈಗೆ ಕೊಟ್ಟ ಚಿಲ್ಲರೆಯೇ ನನ್ನ ಮುಂಬಯಿ ಬಸ್ಸಿನ ಟಿಕೇಟು ಆಯಿತು.

ಈ ನಾಲ್ಕು ಬ್ಯಾಂಕುಗಳು ರಾಷ್ಟ್ರೀಕೃತವಾದವು. ಕೆನರಾ, ಸಿಂಡಿಕೇಟ್ 1969ರಲ್ಲಿ, ಕಾರ್ಪೊರೇಶನ್, ವಿಜಯಾ 1980ರಲ್ಲಿ. ಒಂದೇ ಜಿಲ್ಲೆಯಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳು ಭಾರತದ ದೊಡ್ಡ ಬ್ಯಾಂಕುಗಳ ಪಟ್ಟಿ ಸೇರಿದ್ದು ಸಾಮಾನ್ಯ ಸಾಧನೆಯಲ್ಲ.

ಆದರೆ ಮುಖ್ಯ ಕಚೇರಿಗಳ ಓಡಾಟ ನೋಡಿ. ಕಾರ್ಪೊರೇಶನ್ ಬ್ಯಾಂಕು ಹುಟ್ಟಿದ್ದು ಉಡುಪಿಯಲ್ಲಿ, ಮುಖ್ಯ ಕಚೇರಿ ಹೋದದ್ದು ಮಂಗಳೂರಿಗೆ. ಉಡುಪಿಯವರಿಗೆ ಇದು ಹಳೆಯ ಬೇಸರ. ಸಿಂಡಿಕೇಟ್ 1964ರಲ್ಲಿ ಉಡುಪಿಯಿಂದ ಮಣಿಪಾಲಕ್ಕೆ ಏರಿತು. ಕೆನರಾ ಬ್ಯಾಂಕಿನ ಹಾಗೂ ವಿಜಯಾ ಬ್ಯಾಂಕಿನ ಮುಖ್ಯ ಕಚೇರಿಗಳು ಬೆಂಗಳೂರಿಗೆ ಹೋದವು. ಯಾವುದು ಯಾರ ಬ್ಯಾಂಕು ಎಂದು ನಾವು ಇಲ್ಲಿ ವಾದ ಮಾಡುತ್ತಿರುವಾಗಲೇ, 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಸರಿಯಾಗಿ ಒಂದು ವರ್ಷದ ಮೇಲೆ, 2020ರ ಏಪ್ರಿಲ್ 1ರಂದು, ದೇಶವೆಲ್ಲ ಲಾಕ್‌ಡೌನಿನಲ್ಲಿ ಬಾಗಿಲು ಹಾಕಿಕೊಂಡಿದ್ದಾಗ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲೂ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲೂ ಸೇರಿಹೋದವು. ಯೂನಿಯನ್ ಬ್ಯಾಂಕಿನ ಕೇಂದ್ರ ಕಚೇರಿ ಎಲ್ಲಿದೆ? ನಮ್ಮ ಮುಂಬಯಿಯ ನರಿಮನ್ ಪಾಯಿಂಟಿನಲ್ಲಿ!

ಉಡುಪಿ ಕಳಕೊಂಡದ್ದು ಮಂಗಳೂರಿಗೆ ದಕ್ಕಿತೆಂದು ಮಂಗಳೂರಿನವರು ಖುಷಿಪಟ್ಟರು. ಮಂಗಳೂರಿನಿಂದ ಅದು ಮುಂಬಯಿಗೆ ಬಂದಾಗ ಖುಷಿಪಡಲು ಯಾರೂ ಉಳಿದಿರಲಿಲ್ಲ. ಆ ನಾಲ್ಕರಲ್ಲಿ ಇಂದು ಹೆಸರು ಉಳಿಸಿಕೊಂಡಿರುವುದು ಕೆನರಾ ಒಂದೇ. ಕರಾವಳಿಯಲ್ಲೇ ಮುಖ್ಯ ಕಚೇರಿ ಇಟ್ಟುಕೊಂಡು ನೂರು ವರ್ಷ ದಾಟಿದ್ದು ಖಾಸಗಿ ರಂಗದ ಕರ್ಣಾಟಕ ಬ್ಯಾಂಕ್.

ವಿಲೀನವಾದ ಮೇಲೆ ಒಂದು ದಿನ ನನ್ನ ಕೌಂಟರಿಗೆ ವಯಸ್ಸಾದ ಹೊಟೇಲು ಕಾರ್ಮಿಕರೊಬ್ಬರು ಬಂದರು. ಕೈಯಲ್ಲಿ ಬೇರೆ ಬ್ಯಾಂಕಿನ ಹಳೆಯ ಪಾಸ್‌ಬುಕ್ಕು. ನಾನು ಕನ್ನಡದವನೆಂದು ಯಾರೋ ಹೇಳಿ ಕಳಿಸಿದ್ದರು. "ಸ್ವಾಮೀ, ನನ್ನ ಬ್ಯಾಂಕು ಎಲ್ಲಿಗೆ ಹೋಯಿತು?" ಎಂದು ಕೇಳಿದರು. ಹಣ ಎಲ್ಲಿಗೂ ಹೋಗಿಲ್ಲ, ಹೆಸರು ಮಾತ್ರ ಬದಲಾಗಿದೆ ಎಂದು ಶಾಖೆಯ ವಿಳಾಸ ಬರೆದುಕೊಟ್ಟೆ. ಅವರಿಗೆ ಸಮಾಧಾನವಾಯಿತು. ನನಗಾಗಲಿಲ್ಲ.

ಮುಖ್ಯ ಕಚೇರಿ ಎಂದರೆ ಬರೇ ಬೋರ್ಡಲ್ಲ. ಅದರ ಜತೆಗೆ ಮುದ್ರಣಾಲಯಕ್ಕೆ ಕೆಲಸ, ಬಾಡಿಗೆ ಮನೆಗೆ ಜನ, ಕ್ಯಾಂಟೀನಿಗೆ ಗಿರಾಕಿ ಎಲ್ಲವೂ ಇರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಮೀನಿನ ದೋಣಿಗೋ ಗೇರುಬೀಜದ ಕಾರ್ಖಾನೆಗೋ ದೊಡ್ಡ ಸಾಲ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸುವವರು ಆ ದೋಣಿ, ಆ ಗೇರುಬೀಜ ಕಂಡವರಾಗಿರುತ್ತಾರೆ.

ಠೇವಣಿ ನಮ್ಮದು, ಸಾಲ ಯಾರದು?

ಇನ್ನೊಂದು ಲೆಕ್ಕವಿದೆ. ಒಂದು ಜಿಲ್ಲೆಯಲ್ಲಿ ನೂರು ರೂಪಾಯಿ ಠೇವಣಿ ಬಂದರೆ ಅದರಲ್ಲಿ ಎಷ್ಟು ಅಲ್ಲೇ ಸಾಲವಾಗಿ ಹೋಯಿತು ಎಂಬುದನ್ನು ಸಾಲ-ಠೇವಣಿ ಅನುಪಾತ ಎನ್ನುತ್ತೇವೆ. ಗ್ರಾಮೀಣ ಮತ್ತು ಅರೆಪಟ್ಟಣ ಶಾಖೆಗಳಲ್ಲಿ ಇದು ಶೇ. 60 ಮುಟ್ಟಬೇಕೆಂಬುದು ರಿಸರ್ವ್ ಬ್ಯಾಂಕಿನ ಹಳೆಯ ಸೂಚನೆ. ಉಡುಪಿ ಜಿಲ್ಲೆಯಲ್ಲಿ ಈ ಅನುಪಾತ ಕಡಿಮೆ ಎಂಬ ಮಾತು ಬ್ಯಾಂಕಿಂಗ್ ಪರಿಶೀಲನಾ ಸಭೆಗಳಲ್ಲಿ ಬರುತ್ತಲೇ ಇದೆ. ಕಾರಣವೇನು? ಮುಂಬಯಿಯಲ್ಲಿ ನಾವು, ಕೊಲ್ಲಿ ರಾಷ್ಟ್ರಗಳಲ್ಲಿ ನಮ್ಮ ಬಂಧುಗಳು ದುಡಿದ ಹಣ ಊರಿನ ಶಾಖೆಯಲ್ಲಿ ಜಮೆಯಾಗುತ್ತದೆ. ಊರಿನಲ್ಲಿ ಉದ್ಯೋಗ ಕಟ್ಟುವವರು ಕಡಿಮೆ, ಹಾಗಾಗಿ ಆ ಹಣ ಬೇರೆ ಊರಿನಲ್ಲಿ ಸಾಲವಾಗಿ ದುಡಿಯುತ್ತದೆ. ನಾವೂ ಹೊರಗೆ, ನಮ್ಮ ಹಣವೂ ಹೊರಗೆ!

ನನ್ನ ಮಟ್ಟಿಗೆ ಒಂದು ಊರು ಕೇಂದ್ರವೋ ಅಲ್ಲವೋ ಎಂದು ತಿಳಿಯಲು ಇದೇ ಒರೆಗಲ್ಲು. ಸುತ್ತಲಿನಿಂದ ಎಷ್ಟು ಬಂತು ಎಂಬುದು ಒಂದು ಪುಟ ಮಾತ್ರ. ಸುತ್ತಲಿಗೆ ಎಷ್ಟು ಹೋಯಿತು ಎಂಬ ಇನ್ನೊಂದು ಪುಟವನ್ನೂ ತೆರೆಯಬೇಕು. ಬೈಂದೂರಿನಿಂದ, ಬೆಳ್ತಂಗಡಿಯಿಂದ, ಸುಳ್ಯದಿಂದ ಬಂದವನ ಕೆಲಸ ಒಂದೇ ದಿನದಲ್ಲಿ ಮುಗಿದು ಆತ ಕತ್ತಲಾಗುವ ಮೊದಲು ಮನೆ ಸೇರಿದರೆ ಅದು ಕೇಂದ್ರ. ಇಲ್ಲವಾದರೆ ಬರೇ ದೊಡ್ಡ ಊರು.

ರೈಲಿನ ಸಂಗತಿಯನ್ನೇ ನೋಡಿ. ಮಂಗಳೂರು ಕರಾವಳಿಯ ಕೇಂದ್ರ ಎನ್ನುತ್ತೇವೆ. ರೈಲ್ವೆಯ ನಕ್ಷೆಯಲ್ಲಿ ಅದು ಮೂರು ವ್ಯವಸ್ಥೆಗಳ ಕೊನೆ. ಉತ್ತರದಿಂದ ಬರುವ ಕೊಂಕಣ ರೈಲ್ವೆ ತೋಕೂರಿನಲ್ಲಿ ಮುಗಿಯುತ್ತದೆ, ಅದರ ಮುಖ್ಯ ಕಚೇರಿ ನವಿ ಮುಂಬಯಿಯ ಬೇಲಾಪುರದಲ್ಲಿ. ಮಂಗಳೂರು ಸೆಂಟ್ರಲ್ ನಿಲ್ದಾಣ ದಕ್ಷಿಣ ರೈಲ್ವೆಯ ಪಾಲಕ್ಕಾಡು ವಿಭಾಗದ್ದು. ಘಟ್ಟದಿಂದ ಇಳಿದು ಬರುವ ಹಾಸನದ ಮಾರ್ಗ ನೈರುತ್ಯ ರೈಲ್ವೆಯ ಮೈಸೂರು ವಿಭಾಗದ್ದು. ಮೂವರಿಗೂ ಮಂಗಳೂರು ಮನೆಯ ಹಿಂಬಾಗಿಲು. ನಮ್ಮ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಅರ್ಧ ಜನ ಕುಂದಾಪುರ, ಉಡುಪಿಯಲ್ಲಿ ಇಳಿಯುತ್ತಾರೆ, ಉಳಿದರ್ಧ ಮಂಗಳೂರಿನವರು. ರೈಲು ತಡವಾದರೆ ಎಲ್ಲರಿಗೂ ತಡ. ಹೀಗಿದ್ದೂ ಉಡುಪಿಯ ನಿಲುಗಡೆಗೆ ಒಂದು ಮನವಿ, ಮಂಗಳೂರಿನ ಪ್ಲಾಟ್‌ಫಾರ್ಮಿಗೆ ಇನ್ನೊಂದು ಮನವಿ ಎಂದು ನಾವು ಬೇರೆ ಬೇರೆಯಾಗಿಯೇ ಹೋಗುತ್ತೇವೆ.

ಒಟ್ಟಾಗಿ ಹೋದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಯೂ ಇದೆ. ಸುರತ್ಕಲ್ಲಿನ ಟೋಲ್‌ಗೇಟಿನ ವಿರುದ್ಧ 2022ರಲ್ಲಿ ಹಗಲು-ರಾತ್ರಿ ಧರಣಿ ನಡೆದಾಗ ಎರಡೂ ಜಿಲ್ಲೆಗಳ ಜನ ಸೇರಿದ್ದರು. ಆ ವರ್ಷದ ಡಿಸೆಂಬರ್ 1ರಿಂದ ಅಲ್ಲಿ ಸುಂಕ ವಸೂಲಿ ನಿಂತಿತು.

ಸಂಘಗಳಿಗೆ ಒಂದು ವಿನಂತಿ

ಜಿಲ್ಲೆ ಒಡೆದು ವರ್ಷಗಳೆಷ್ಟಾದರೂ ಮುಂಬಯಿಯ ಆಮಂತ್ರಣ ಪತ್ರಿಕೆಗಳಲ್ಲಿ ಇಂದಿಗೂ 'ಅವಿಭಜಿತ ದಕ್ಷಿಣ ಕನ್ನಡ' ಎಂಬ ಶಬ್ದ ಕಾಣುತ್ತದೆ. ಇದು ನಮ್ಮ ಹೆಮ್ಮೆ. ಕಾಗದದ ಮೇಲಿರುವ ಈ ಒಗ್ಗಟ್ಟು ಕೆಲಸದಲ್ಲಿಯೂ ಕಂಡರೆ ಒಳ್ಳೆಯದು. ಊರಿನಿಂದ ಶಾಸಕರು, ಸಂಸದರು ಅತಿಥಿಗಳಾಗಿ ಬಂದಾಗ ನಾವು ಅವರಿಗೆ ಹಾರ ಹಾಕುತ್ತೇವೆ, ಫೋಟೋ ತೆಗೆಯುತ್ತೇವೆ. ಹಾರದ ಜತೆಗೆ ಎರಡೂ ಜಿಲ್ಲೆಗಳ ಸಂಘಗಳು ಸಹಿ ಹಾಕಿದ ಒಂದೇ ಒಂದು ಹಾಳೆಯನ್ನೂ ಕೊಡೋಣ. ಅದರಲ್ಲಿ ಮೂರು ಸಾಲು ಸಾಕು: ಕರಾವಳಿಯ ರೈಲುಗಳನ್ನು ಒಂದೇ ಆಡಳಿತದಡಿ ತನ್ನಿ, ಎರಡೂ ಜಿಲ್ಲೆಗಳ ಬಡವರಿಗೆ ಸರಕಾರಿ ಆಸ್ಪತ್ರೆಗಳನ್ನು ಬಲಪಡಿಸಿ, ನಮ್ಮ ಠೇವಣಿ ನಮ್ಮ ಊರಿನ ಹುಡುಗರಿಗೆ ಸಾಲವಾಗಿ ಸಿಗುವಂತೆ ಬ್ಯಾಂಕುಗಳಿಗೆ ಹೇಳಿ.

ಇನ್ನೊಂದು ಚಿಕ್ಕ ಕೆಲಸ ನಾವು ನಾವೇ ಮಾಡಬಹುದು. ಊರಿನಲ್ಲಿ ವಯಸ್ಸಾದ ತಂದೆ-ತಾಯಿ ಇದ್ದವರು, ತುರ್ತಾದರೆ ಯಾವ ಆಸ್ಪತ್ರೆಗೆ ಹೋಗುವುದು, ಯಾರ ವಾಹನ, ಯಾರು ಜತೆಗೆ ಎಂದು ಇಂದೇ ತೀರ್ಮಾನಿಸಿ, ಒಂದು ಚೀಟಿಯಲ್ಲಿ ಬರೆದು ಮನೆಯ ಗೋಡೆಗೆ ಅಂಟಿಸಲು ಹೇಳಿ. ನಮ್ಮ ಮನೆಯಲ್ಲಿ ಅಂಥ ಚೀಟಿ ಈಗ ಇದೆ. ಅಮ್ಮನಿಗೆ ಎಂಬತ್ತು ದಾಟಿತು. ಚೀಟಿಯಲ್ಲಿ ಬರೆದಿರುವುದು ಉತ್ತರದ ಆಸ್ಪತ್ರೆಯೋ ದಕ್ಷಿಣದ್ದೋ ಎಂದು ಇಲ್ಲಿ ಹೇಳಲಾರೆ. ಹೇಳಿದರೆ ಮುಂದಿನ ವಾರ್ಷಿಕೋತ್ಸವದ ಊಟದ ಸಾಲಿನಲ್ಲಿ ಅರ್ಧ ಜನ ನನ್ನನ್ನು ಬಿಡುವುದಿಲ್ಲ!

ಚರ್ಚೆ ನಡೆಯಲಿ, ಗಡ್‌ಬಡ್ ಯಾರದೆಂಬುದು ಎಂದೂ ತೀರ್ಮಾನವಾಗದಿರಲಿ. ಆದರೆ ಅಂಗಳದಲ್ಲಿ ಕಾರು ಬಂದು ನಿಂತಾಗ ಮಾತು ನಿಲ್ಲಿಸಿ ಹೊರಡಲು ಕಲಿಯೋಣ.